ಕೈಲ್ ಮುಹೂರ್ತಕ್ಕೆ ಊರಿಗೆ ಹೊರಡುವ ಮುನ್ನ ಕೋವಿಯ ಶಿಸ್ತು ತಿಳಿದಿರಲಿ

ಮುಂಬಯಿ: ಸೆಪ್ಟೆಂಬರ್ ಆರಂಭವೆಂದರೆ ಕೊಡಗಿನಲ್ಲಿ ಕೈಲ್ ಮುಹೂರ್ತದ ಸಡಗರ. ಕೋವಿ, ಒಡಿಕತ್ತಿಗಳಿಗೆ ತೋಕ್‌ ಪೂ ಮುಡಿಸಿ ಪೂಜಿಸಿದ ಬಳಿಕ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಹಬ್ಬದ ಮುಖ್ಯ ಆಕರ್ಷಣೆ. ಮಹಾನಗರದಲ್ಲಿ ನೆಲೆಸಿರುವ ಕೊಡವ ಕುಟುಂಬಗಳು ಮಕ್ಕಳೊಂದಿಗೆ ಊರಿಗೆ ತೆರಳಿ ಇದರಲ್ಲಿ ಪಾಲ್ಗೊಳ್ಳುವುದುಂಟು. ಆದರೆ ಊರಿನ ಮಕ್ಕಳು ಅಜ್ಜನೊಂದಿಗೆ ತೋಟ ಸುತ್ತುತ್ತಾ ಕಲಿಯುವ ಎಚ್ಚರಿಕೆ, ಫ್ಲ್ಯಾಟಿನಲ್ಲಿ ಬೆಳೆದ ಮಕ್ಕಳಿಗೆ ತಾನಾಗಿ ಬರುವುದಿಲ್ಲ.

ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಿಗೆಯಿಂದ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರಕಾರ 2019ರಲ್ಲಿ ಇದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕಾನೂನು ಇಟ್ಟ ಈ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ಕೋವಿ ಹಿಡಿದವರದ್ದೇ.

ಈ ಶಿಸ್ತಿಗೆ ಒಳ್ಳೆಯ ಮಾದರಿ ಟ್ರ್ಯಾಪ್ ಶೂಟಿಂಗ್. ಯಂತ್ರದಿಂದ ಚಿಮ್ಮುವ 110 ಮಿಲಿಮೀಟರ್ ಅಗಲದ ಬಿಲ್ಲೆಯನ್ನು 12 ಬೋರ್ ಕೋವಿಯಿಂದ ಒಡೆಯುವ ಆಟವಿದು. ಬಿಕಾನೇರಿನ ಡಾ. ಕರ್ಣಿ ಸಿಂಗ್ 1962ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದರು. ಇದೇ ಬಗೆಯ ಡಬಲ್ ಟ್ರ್ಯಾಪ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತಂದರು.

ಟ್ರ್ಯಾಪ್ ಮೈದಾನದಲ್ಲಿ ಕೋವಿ ಸದಾ ಮಡಚಿ ತೆರೆದಿರಬೇಕು. ನಳಿಗೆ ಖಾಲಿ ಎಂಬುದು ಎದುರಿದ್ದವರಿಗೂ ಕಾಣಬೇಕು. ತನ್ನ ಸ್ಥಾನದಲ್ಲಿ ನಿಂತು, ಸರದಿ ಬಂದಾಗಲೇ ತೋಟೆ ತುಂಬಬೇಕು. ಮುಂದಿನ ಸ್ಥಾನಕ್ಕೆ ಹೋಗುವಾಗ ತೋಟೆ ತೆಗೆದಿರಬೇಕು. ನಳಿಗೆಯ ಬಾಯಿ ಯಾರತ್ತಲೂ ತಿರುಗಬಾರದು. ಗುರಿ ಕೂಡುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು. ಸೇಫ್ಟಿ ಹಾಕಿದೆ ಎಂದು ಮೈಮರೆಯುವಂತಿಲ್ಲ. ಅದೂ ಕೈಕೊಡಬಹುದಾದ ಯಂತ್ರ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಬೇಕೇ ಬೇಕು.

ತೋಟೆಗಳನ್ನು ಬೆರೆಸುವುದು ದೊಡ್ಡ ಅಪಾಯ. 20 ಬೋರ್ ತೋಟೆ 12 ಬೋರ್ ಕೋವಿಯೊಳಗೆ ಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಕಣ್ಣಿಗೆ ಕಾಣದ ಕಾರಣ ಖಾಲಿಯೆಂದು ತಿಳಿದು 12 ಬೋರ್ ತೋಟೆ ಹಾಕಿ ಹೊಡೆದರೆ ನಳಿಗೆಯೇ ಸಿಡಿಯಬಹುದು. ವರ್ಷವಿಡೀ ಅಟ್ಟದಲ್ಲಿದ್ದ ಕೋವಿಯಾದರೆ ನಳಿಗೆಯಲ್ಲಿ ಕಸ, ಬಟ್ಟೆ ಚೂರು, ಹುಳದ ಗೂಡು ಇಲ್ಲವೆಂದು ಮೊದಲೇ ನೋಡಬೇಕು. ಟ್ರಿಗರ್ ಎಳೆದರೂ ಈಡು ಹಾರದಿದ್ದರೆ ತಕ್ಷಣ ತೆರೆಯಬಾರದು, ತಡವಾಗಿ ಹಾರುವುದುಂಟು. ನಳಿಗೆಯನ್ನು ಸುರಕ್ಷಿತ ದಿಕ್ಕಿನಲ್ಲೇ ಹಿಡಿದು ಒಂದು ನಿಮಿಷ ಕಾಯುವುದು ಒಳ್ಳೆಯದು.

ತೆಂಗಿನಕಾಯಿಗೆ ಗುರಿಯಿಡುವಾಗ ನಳಿಗೆ ಆಕಾಶದತ್ತ ಇರುತ್ತದೆ. ಟ್ರ್ಯಾಪ್‌ನ ಸಣ್ಣ ಚರೆಗಳೇ 200 ಮೀಟರಿಗೂ ದೂರ ಹೋಗಬಲ್ಲವು. ಪಾಯಿಂಟ್ 22 ರೈಫಲ್‌ನ ಗುಂಡು ಕಿಲೋಮೀಟರ್ ದಾಟುತ್ತದೆ. ಮರದ ಹಿಂದೆ ಮನೆ, ರಸ್ತೆ, ಕೆಲಸದವರ ಲೈನ್ ಇದೆಯೇ ಎಂದು ನೋಡದೆ ಗುಂಡು ಹಾರಿಸಬಾರದು. ಹಬ್ಬದ ಊಟದೊಂದಿಗೆ ಗ್ಲಾಸು ಹಿಡಿದವರು ಅಂದು ಕೋವಿ ಮುಟ್ಟಲೇಬಾರದು. ಹಿರಿಯರಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ಬೆಳೆ ರಕ್ಷಣೆಗೆ ಪರವಾನಿಗೆಯ ಕೋವಿ ಇರಿಸಿಕೊಂಡಿರುವ ದಕ್ಷಿಣ ಕನ್ನಡ, ಉಡುಪಿಯ ಮನೆಗಳಿಗೂ ಈ ಮಾತು ಸಲ್ಲುತ್ತದೆ. ರಜೆಯಲ್ಲಿ ಮಕ್ಕಳು ಊರಿಗೆ ಬರುವಾಗ ಕೋವಿಗೆ ಒಂದು ಬೀಗ, ತೋಟೆಗೆ ಬೇರೆಯೇ ಬೀಗ ಇರಲಿ.

ಆಸಕ್ತ ಮಕ್ಕಳಿಗೆ ಕಲಿಯುವ ದಾರಿ ಮುಂಬಯಿಯಲ್ಲೇ ಇದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಏರ್ ರೈಫಲ್ ಫೈನಲ್ ತಲುಪಿದ ಅಂಜಲಿ ಭಾಗವತ್ ಪಳಗಿದ್ದು ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಶನ್ ರೇಂಜಿನಲ್ಲಿ. ಟ್ರ್ಯಾಪ್‌ಗೆ ಬೇಕಾದ ವಿಶಾಲ ಬಯಲು ಈ ನಗರದಲ್ಲಿ ಸುಲಭವಲ್ಲ, ನಿಜ. ಆದರೆ ತರಬೇತುದಾರರ ಕಣ್ಣೆದುರು ಏರ್ ರೈಫಲ್ ಹಿಡಿದು ಕಲಿತ ಶಿಸ್ತು ಊರಿನ ಅಂಗಳದಲ್ಲೂ ಕೈಬಿಡುವುದಿಲ್ಲ.