ಊರು ತೊರೆದು ಬಂದ ಮಕ್ಕಳು

ಪರೀಕ್ಷೆಯಲ್ಲಿ ಅನುತ್ತೀರ್ಣರಾದ ಅವಮಾನ, ತಂದೆಯ ಕುಡಿತ ಮತ್ತು ಹೊಡೆತ, ಮನೆಯ ಸಾಲ, ಬಾಲಕಿಯರ ಮಟ್ಟಿಗೆ ಬಲವಂತದ ಮದುವೆಯ ಭಯ: ಹದಿಹರೆಯದವರು ಮನೆ ತೊರೆಯಲು ಕಾರಣಗಳು ಹಲವು. ಇಂತಹ ಅನೇಕ ಮಕ್ಕಳು ರೈಲು ಹತ್ತಿ ಮುಂಬಯಿಯಂತಹ ಮಹಾನಗರಗಳಲ್ಲಿ ಬಂದಿಳಿಯುತ್ತಾರೆ. ನಿಲ್ದಾಣದಲ್ಲಿ ಕಳೆಯುವ ಮೊದಲ ಕೆಲವು ಗಂಟೆಗಳೇ ಅವರ ಪಾಲಿಗೆ ನಿರ್ಣಾಯಕ. ಊಟ ಕೊಡಿಸಿ, ಕೆಲಸದ ಆಸೆ ತೋರಿಸಿ ಮೊದಲು ಮಾತನಾಡಿಸುವವನು ಹಿತೈಷಿಯೇ ಆಗಿರಬೇಕೆಂದಿಲ್ಲ.

ಮುಂಬಯಿ ಕನ್ನಡಿಗರಿಗೆ ಈ ಸಂಗತಿ ಅಪರಿಚಿತವೇನಲ್ಲ. ಕಳೆದ ಶತಮಾನದಲ್ಲಿ ದಕ್ಷಿಣ ಕನ್ನಡದಿಂದ ಬಂದ ಎಷ್ಟೋ ಬಾಲಕರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದರು. ಅದನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಶಾಲೆಯ ಬಾಗಿಲು ತಲುಪದೆ ಉಳಿದವರ ಮಾತು ಅಷ್ಟಾಗಿ ಕೇಳಿಬರುವುದಿಲ್ಲ. 14 ವರ್ಷದೊಳಗಿನವರನ್ನು ಹೋಟೆಲು ಕೆಲಸಕ್ಕೆ ನೇಮಿಸಿಕೊಳ್ಳುವುದು 2006ರ ಅಕ್ಟೋಬರ್‌ನಿಂದ ನಿಷಿದ್ಧವಾಗಿದೆ.

ಸಂಕಷ್ಟದಲ್ಲಿರುವ ಮಕ್ಕಳಿಗಾಗಿ 1996ರಲ್ಲಿ ಮುಂಬಯಿಯಲ್ಲಿಯೇ ಆರಂಭವಾದ ದೂರವಾಣಿ ಸೇವೆ ಚೈಲ್ಡ್‌ಲೈನ್. ಅದರ ಸಂಖ್ಯೆ 1098. ಹತ್ತು, ಒಂಬತ್ತು, ಎಂಟು ಎಂದು ನೆನಪಿಟ್ಟುಕೊಳ್ಳುವುದು ಸುಲಭ. 2023ರಲ್ಲಿ ಇದರ ನಿರ್ವಹಣೆಯನ್ನು ಸರ್ಕಾರಿ ವ್ಯವಸ್ಥೆಯೇ ವಹಿಸಿಕೊಂಡಿತಾದರೂ ಸಂಖ್ಯೆ ಬದಲಾಗಿಲ್ಲ, ಕರೆಗೆ ಶುಲ್ಕವೂ ಇಲ್ಲ.

2015ರ ಬಾಲ ನ್ಯಾಯ ಅಧಿನಿಯಮದ ಮೇರೆಗೆ, ಹೀಗೆ ದೊರೆತ ಮಗುವನ್ನು ಪ್ರಯಾಣದ ಅವಧಿಯನ್ನು ಬಿಟ್ಟು 24 ಗಂಟೆಗಳೊಳಗಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸತಕ್ಕದ್ದು. ಹಾಜರುಪಡಿಸುವುದೆಂದೊಡನೆ ಪೊಲೀಸು, ಕಟಕಟೆ ಕಣ್ಮುಂದೆ ಬರುವುದು ಸಹಜ. ಆದರೆ ಇಲ್ಲಿ ಮಗು ಆರೋಪಿಯಲ್ಲ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಈ ಸಮಿತಿಯು ಮಗುವಿನ ಮಾತನ್ನು ಆಲಿಸಿ, ಮನೆಯ ಪರಿಸ್ಥಿತಿಯ ಕುರಿತು ಸಾಮಾಜಿಕ ತನಿಖೆಗೆ ಆದೇಶಿಸುತ್ತದೆ. ತನಿಖೆ 15 ದಿನಗಳಲ್ಲಿ ಮುಗಿಯಬೇಕು. ಈ ವಿಳಂಬವೇಕೆ, ಕೂಡಲೇ ಊರಿನ ರೈಲು ಹತ್ತಿಸಬಾರದೇಕೆ ಎಂದು ಕೇಳುವವರುಂಟು. ಯಾವ ಹೊಡೆತಕ್ಕೆ ಹೆದರಿ ಓಡಿಬಂದಿತೋ ಅದೇ ಹೊಡೆತಕ್ಕೆ ಮಗುವನ್ನು ಮರಳಿ ಒಪ್ಪಿಸಿದರೆ ಅದು ಇನ್ನೊಮ್ಮೆ ಓಡುತ್ತದೆ, ಈ ಬಾರಿ ಯಾರ ಕೈಗೂ ಸಿಗದಂತೆ. ಬಡತನವೇ ಕಾರಣವಾಗಿದ್ದಲ್ಲಿ, ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯು ಅರ್ಹ ಮಕ್ಕಳಿಗೆ ಮಾಸಿಕ 4,000 ರೂಪಾಯಿಗಳ ಪ್ರಾಯೋಜಕತ್ವ ನೆರವನ್ನು ಒದಗಿಸಿದೆ. ಬಾಲಮಂದಿರದಲ್ಲಿ ಬೆಳೆದವರು 18 ತುಂಬಿದ ಮರುದಿನವೇ ಬೀದಿಗೆ ಬೀಳದಂತೆ, 21ರವರೆಗೆ ಅನುಪಾಲನೆಗೂ ಅವಕಾಶವಿದೆ.

ಇಷ್ಟೆಲ್ಲ ಇದ್ದರೂ ಭಾಷೆ ತೊಡಕಾಗುತ್ತದೆ. ಹಿಂದಿ, ಮರಾಠಿ ಬಾರದ ಮಗು ಮೌನಕ್ಕೆ ಶರಣಾಗುತ್ತದೆ, ಇಲ್ಲವೇ ಊರಿನ ಹೆಸರನ್ನು ತಪ್ಪಾಗಿ ಹೇಳುತ್ತದೆ. ಅದರ ಮಾತಿನ ಧಾಟಿ ಕುಂದಾಪುರದ್ದೋ ಕಲಬುರಗಿಯದ್ದೋ ಎಂಬುದನ್ನು ಹೊರನಾಡಿನ ಕನ್ನಡಿಗರೊಬ್ಬರು ಎರಡು ವಾಕ್ಯಗಳಲ್ಲಿ ಗುರುತಿಸಬಲ್ಲರು. ಅಂತಹ ಮಗು ಕಂಡಲ್ಲಿ ಕನ್ನಡದಲ್ಲಿ ಮಾತನಾಡಿಸಿ, ಜೊತೆಗಿದ್ದು 1098ಕ್ಕೆ ಕರೆ ಮಾಡಿರಿ. ಕನಿಕರದಿಂದಲೇ ಆದರೂ ಮನೆಗೆ ಕರೆದೊಯ್ದು ಇರಿಸಿಕೊಳ್ಳಬೇಡಿರಿ; 24 ಗಂಟೆಗಳೊಳಗೆ ಮಾಹಿತಿ ನೀಡದಿರುವುದು ಕಾನೂನಿನ ಪ್ರಕಾರ ಅಪರಾಧ.