ಎರಡು ಹೆಸರಿನ ಅಜ್ಜಿ

ಎತ್ತಿನ ಮೇಲೆ ಬಂದು, ಮನೆತನದ ತಲೆಮಾರುಗಳನ್ನು ಹೇಳಿ ಕಾಳು ಪಡೆಯುವ ಹೆಳವರು ಬೆಳಗಾವಿ ಸೀಮೆಗೆ ಅಪರಿಚಿತರಲ್ಲ. ಅವರ ಕೆಲಸಕ್ಕೆ ಇಂದು ‘ಗ್ರಾಂಪ್ಸ್’ನಂಥ ಉಚಿತ ಗಣಕ ತಂತ್ರಾಂಶಗಳು ಒದಗಿವೆ. ಆದರೆ ಹಳೆಯ ವಂಶಾವಳಿಗಳು ಬಹುಮಟ್ಟಿಗೆ ಗಂಡುಸಂತತಿಯವು. ಹೆಣ್ಣುಮಕ್ಕಳು ಅಲ್ಲಿ ಬೇಗನೆ ಮರೆಯಾಗುತ್ತಾರೆ.

ಖಾನಾಪುರದಲ್ಲಿ ಹುಟ್ಟಿ ಬೆಳಗಾವಿಗೆ ಸೊಸೆಯಾಗಿ ಬಂದ ಅಜ್ಜಿಯೊಬ್ಬಳನ್ನು ಊಹಿಸಿರಿ. ಮದುವೆಯಲ್ಲಿ ಹೆಸರು ಬದಲಿಸುವ ರೂಢಿ ಈ ಕಡೆ ಅನೇಕ ಮನೆಗಳಲ್ಲಿತ್ತು. ತವರಿನವರಿಗೆ ಅವಳು ಗಂಗಾ, ಗಂಡನ ಮನೆಯವರಿಗೆ ರಾಧಾಬಾಯಿ. 1956ರವರೆಗೆ ಇದು ಮುಂಬಯಿ ಆಡಳಿತದ ಜಿಲ್ಲೆ. ಆದುದರಿಂದ ಒಂದು ಕಾಗದ ಮರಾಠಿಯಲ್ಲಿದ್ದು ಇನ್ನೊಂದು ಕನ್ನಡದಲ್ಲಿದ್ದರೆ ಆಶ್ಚರ್ಯವಿಲ್ಲ. ಅವಸರದವನು ಒಬ್ಬಳನ್ನು ಇಬ್ಬರಾಗಿಸುತ್ತಾನೆ. ತಂತ್ರಾಂಶದಲ್ಲಾದರೋ ವ್ಯಕ್ತಿಗೆ ಗುರುತಿನ ಸಂಖ್ಯೆ ಒಂದೇ. ಅದರಡಿ ಎಷ್ಟು ಹೆಸರುಗಳನ್ನಾದರೂ, ಒಂದೊಂದಕ್ಕೂ ಅದರದರ ಆಧಾರದೊಡನೆ, ಸೇರಿಸಬಹುದು.

ಅಜ್ಜನ ಹೆಸರನ್ನು ಮೊಮ್ಮಗನಿಗಿಡುವ ನಮ್ಮಲ್ಲಿ ಇಬ್ಬರನ್ನು ಒಬ್ಬನಾಗಿಸುವ ಅಪಾಯವೂ ಇದ್ದೇ ಇದೆ. ಹುಟ್ಟಿದ ವರ್ಷ ತಿಳಿಯುವತನಕ ಬೇರೆಯಾಗಿಯೇ ಇರಿಸುವುದು ಕ್ಷೇಮ.

ಅಜ್ಜಿಯ ಎರಡು ಹೆಸರೂ ಒಬ್ಬಳವೇ ಎಂಬುದಕ್ಕೆ ಎಷ್ಟೋ ವೇಳೆ ಕಾಗದವಿರುವುದಿಲ್ಲ. ತವರುಮನೆಯ ಹಿರಿಯಳೊಬ್ಬಳ ಮಾತೇ ಸಾಕ್ಷಿ. ಹೇಳಿದವರಾರು, ಯಾವ ದಿನ ಹೇಳಿದರು ಎಂಬುದನ್ನೂ ಆಧಾರವೆಂದೇ ದಾಖಲಿಸಬೇಕು. ತಂತ್ರಾಂಶ ಕಾಯುತ್ತದೆ, ಆಕೆಯ ವಯಸ್ಸು ಕಾಯದು. ಮೊದಲು ಖಾನಾಪುರದ ಬಸ್ಸು ಹಿಡಿಯಿರಿ.