ಅಪ್ರೆಂಟಿಸ್‌ಗೆ ಕಲಿಸುವ ಹೊಣೆ ಯಾರದು?

ಐ.ಟಿ.ಐ. ಮುಗಿಸಿದ ನಿಮಗೆ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಅಪ್ರೆಂಟಿಸ್ ಆಗಿ ಸೇರುವ ಅವಕಾಶ ಸಿಕ್ಕಿತೆನ್ನಿ. ಮೊದಲ ದಿನ ನಿಮ್ಮ ಕೈಗೆ ಅರ ಕೊಡುತ್ತಾರೋ, ಪೊರಕೆ ಕೊಡುತ್ತಾರೋ? ಇದು ಕೇವಲ ಮಾಲೀಕರ ಮರ್ಜಿಗೆ ಬಿಟ್ಟ ವಿಷಯವಲ್ಲ.

ಸರ್ಕಾರಿ ಕಾಗದಗಳಲ್ಲಿ ಅಪ್ರೆಂಟಿಸನ್ನು 'ಶಿಶಿಕ್ಷು' ಎನ್ನುತ್ತಾರೆ. ನಾಲಗೆಗೆ ಸ್ವಲ್ಪ ತೊಡಕಾದರೂ ಅರ್ಥ ಸೊಗಸಾಗಿದೆ: ಕಲಿಯಬಯಸುವವನು. 1961ರ ಅಪ್ರೆಂಟಿಸ್ ಕಾಯ್ದೆಯ 18ನೆಯ ಕಲಮಿನ ಪ್ರಕಾರ ಆತ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಆದ್ದರಿಂದ ನಿಮಗೆ ಸಿಗುವುದು ಸಂಬಳವಲ್ಲ, ಶಿಷ್ಯವೇತನ. ಆದರೆ ಅದೇ ಕಾರಣಕ್ಕೆ ನಿಮ್ಮನ್ನು ಅಗ್ಗದ ಆಳಾಗಿ ದುಡಿಸಿಕೊಳ್ಳುವಂತೆಯೂ ಇಲ್ಲ.

ಮಾಲೀಕರ ಕರ್ತವ್ಯಗಳನ್ನು 11ನೆಯ ಕಲಂ ಹೇಳುತ್ತದೆ. ನೀವು ಸೇರಿದ ವೃತ್ತಿಯಲ್ಲೇ ತರಬೇತಿ ಕೊಡಬೇಕು. ಆ ವೃತ್ತಿಯಲ್ಲಿ ಮಾಲೀಕರಿಗೇ ಅರ್ಹತೆ ಇಲ್ಲದಿದ್ದರೆ, ಅರ್ಹರಾದ ಒಬ್ಬರಿಗೆ ತರಬೇತಿಯ ಹೊಣೆ ವಹಿಸಬೇಕು. 'ನೋಡಿ ನೋಡಿ ಕಲಿತುಕೊಳ್ಳಲಿ' ಎಂದು ಸುಮ್ಮನಿರುವುದು ಅನೇಕ ಕಡೆ ರೂಢಿ; ಕಾಯ್ದೆ ಅದನ್ನು ತರಬೇತಿ ಎಂದು ಒಪ್ಪುವುದಿಲ್ಲ.

ತುಂಡಿಗಿಷ್ಟು ಎಂದು ಲೆಕ್ಕ ಹಾಕಿ ಹಣ ಕೊಡುವುದನ್ನೂ ಕಾಯ್ದೆ ನಿಷೇಧಿಸಿದೆ. ಏಕೆ ಗೊತ್ತೆ? ದಿನಕ್ಕೆ ಇನ್ನೂರು ತುಂಡುಗಳಿಗೆ ರಂಧ್ರ ಕೊರೆದರೆ ಹೆಚ್ಚು ಹಣ ಎಂದಾಗ, ಹುಡುಗ ಡ್ರಿಲ್ಲಿಂಗ್ ಯಂತ್ರ ಬಿಟ್ಟು ಕದಲುವುದಿಲ್ಲ, ಮಾಲೀಕರೂ ಕದಲಿಸುವುದಿಲ್ಲ. ವರ್ಷದ ಕೊನೆಗೆ ಅವನಿಗೆ ಒಂದೇ ಕೆಲಸ ಬಂದಿರುತ್ತದೆ. ತರಬೇತಿಗೆ ಸಂಬಂಧವಿಲ್ಲದ ಕೆಲಸಕ್ಕೆ ಹಚ್ಚುವುದು, ಅಪ್ರೆಂಟಿಸ್‌ಷಿಪ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವುದು, ಇವೂ ಕಾಯ್ದೆಗೆ ವಿರುದ್ಧ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ನೀವು ಕಾರ್ಮಿಕರಿಗೆ ಸಮಾನರು. ಯಂತ್ರಕ್ಕೆ ರಕ್ಷಣಾ ಕವಚ, ಕುಡಿಯುವ ನೀರು, ಶೌಚಾಲಯ ಎಲ್ಲಕ್ಕೂ ನಿಮಗೆ ಹಕ್ಕುಂಟು. ತರಬೇತಿಯ ವೇಳೆ ಗಾಯವಾದರೆ ಪರಿಹಾರದ ಹೊಣೆ ಮಾಲೀಕರದೇ.

ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಸಾಮಾನ್ಯ ಕಟ್ಟುಪಾಡು ಇಲ್ಲ. ಹಾಗಾಗಿ ನಿಮ್ಮ ಪಾಲಿಗೆ ಉಳಿಯುವ ಆಸ್ತಿ ಕಲಿತ ವಿದ್ಯೆಯೊಂದೇ. ಅದೂ ಸಿಗದಿದ್ದರೆ ವರ್ಷವೇ ನಷ್ಟ.

ಸೇರುವ ಮುನ್ನ ಕರಾರುಪತ್ರ ಓದಿ ಸಹಿ ಮಾಡಿ; ಹದಿನೆಂಟು ತುಂಬದಿದ್ದರೆ ನಿಮ್ಮ ಪರವಾಗಿ ಪೋಷಕರು ಮಾಡಬೇಕು. ಅದು ನೋಂದಣಿಯಾಗಿದೆಯೇ ವಿಚಾರಿಸಿ. ಪ್ರತಿದಿನ ಮಾಡಿದ ಕೆಲಸವನ್ನು ನೋಟ್‌ಪುಸ್ತಕದಲ್ಲಿ ಬರೆದಿಡಿ. ಮೂರು ತಿಂಗಳು ಬರೀ 'ಸಾಮಾನು ಹೊತ್ತೆ' ಎಂದಿದ್ದರೆ ಅದೇ ನಿಮ್ಮ ಸಾಕ್ಷಿ. ಕರಾರಿನ ಬಗ್ಗೆ ತಕರಾರು ಬಂದರೆ ಅಪ್ರೆಂಟಿಸ್‌ಷಿಪ್ ಸಲಹೆಗಾರರಿಗೆ ಬರೆಯಬಹುದು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಅದು ತಿಳಿದ 30 ದಿನಗಳೊಳಗೆ ಅಪ್ರೆಂಟಿಸ್‌ಷಿಪ್ ಮಂಡಳಿಗೆ ಮೇಲ್ಮನವಿ ಸಲ್ಲಿಸಬೇಕು.